ಬುಟ್ಟಿ ತುಂಬ ಚಪ್ಪಲಿ

ನಮ್ಮತ್ತೆ ಮತ್ತಿಕೆರೆಯ ಮನೆಯಲ್ಲಿ ನೆಂಟರ ಮುಂದೆ ವಿಯೆಟ್ನಾಂ ಬಸ್ಸಿನ ಕಥೆ ಹೇಳಲು ಕೂತರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ಕಾಫಿ ಮಾಡುವ ನೆಪ ಹೇಳಿ ಅಡುಗೆಮನೆಗೆ ಎದ್ದು ಹೋಗುತ್ತೇನೆ. ಅವರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೂ ನನಗೆ ಅದನ್ನು ಕೂತು ಕೇಳುವುದಕ್ಕೆ ಆಗುವುದಿಲ್ಲ.

ಆ ಪ್ರವಾಸಕ್ಕೆ ಮೂವರು ಹೊರಡಬೇಕಿತ್ತು. ಕೊನೆ ಗಳಿಗೆಯಲ್ಲಿ ನನ್ನ ಗಂಡನಿಗೆ ಆಫೀಸಿನಲ್ಲಿ ರಜೆ ರದ್ದಾಯಿತು. ಟಿಕೆಟ್ಟು ವಾಪಸ್ ಮಾಡುವ ಹಾಗಿರಲಿಲ್ಲ, ನೀವಿಬ್ಬರೇ ಹೋಗಿ ಬನ್ನಿ ಎಂದು ನಮ್ಮನ್ನು ಏರ್‌ಪೋರ್ಟಿಗೆ ಕರೆದುಕೊಂಡು ಹೊರಟ. ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಿದ್ದಷ್ಟು ಹೊತ್ತೂ ಅಮ್ಮನನ್ನು ಹುಷಾರಾಗಿ ನೋಡಿಕೋ ಎಂದು ನನಗೆ ಹೇಳಿದ್ದೇ ಹೇಳಿದ್ದು. ಅತ್ತೆ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಾವಿಬ್ಬರೇ ಯಶವಂತಪುರದ ಮಾರ್ಕೆಟ್ಟಿನಿಂದಾಚೆಗೆ ಎಲ್ಲಿಗೂ ಹೋದವರಲ್ಲ.

ರಾತ್ರಿ ಬಸ್ಸು ನನ್ನ ತಲೆಗೆ ಹೊಳೆದದ್ದು. ಹನೋಯ್‌ನಿಂದ ದಕ್ಷಿಣಕ್ಕೆ ರಾತ್ರಿಯಿಡೀ ಮಲಗಿಕೊಂಡು ಹೋದರೆ ಒಂದು ದಿನದ ಹೋಟೆಲು ಖರ್ಚು ಉಳಿಯುತ್ತದಲ್ಲ ಎಂಬ ಜಾಣತನ. ಬಸ್ಸೇನೋ ಚೆನ್ನಾಗಿಯೇ ಇತ್ತು. ಕೆಳಗಿನ ಹಾಸಿಗೆ ಅತ್ತೆಗೆ, ಮೇಲಿನದು ನನಗೆ. ಹತ್ತುವಾಗಲೇ ಡ್ರೈವರನ ಜೊತೆಗಾರ ಎಲ್ಲರ ಚಪ್ಪಲಿ ಬಿಚ್ಚಿಸಿ ಕವರಿಗೆ ಹಾಕಿ ಲಗೇಜಿನ ಡಿಕ್ಕಿಯಲ್ಲಿಟ್ಟುಬಿಟ್ಟ. ಅವು ಇಳಿಯುವ ಊರಿನಲ್ಲೇ ವಾಪಸ್ಸು. ನಡುವೆ ಎಲ್ಲಾದರೂ ಬಸ್ಸು ನಿಂತರೆ ಬಾಗಿಲ ಬಳಿ ಒಂದು ದೊಡ್ಡ ಬುಟ್ಟಿ ತುಂಬ ಪ್ಲಾಸ್ಟಿಕ್ ಚಪ್ಪಲಿ ಇಡುತ್ತಾರೆ. ಕೈಗೆ ಸಿಕ್ಕಿದ ಜೊತೆ ಮೆಟ್ಟಿಕೊಂಡು ಇಳಿಯುವುದು, ಬಂದ ಮೇಲೆ ಮತ್ತೆ ಬುಟ್ಟಿಗೆ ಹಾಕುವುದು.

ಮೊದಲ ನಿಲ್ದಾಣದಲ್ಲೇ ನಮ್ಮತ್ತೆ ಬುಟ್ಟಿ ನೋಡಿ ಹಿಂದೆ ಸರಿದರು. ದೇವಸ್ಥಾನದ ಮುಂದೆ ಚಪ್ಪಲಿ ಕಳೆದುಹೋದರೆ ಪೀಡೆ ತೊಲಗಿತು ಎಂದು ಖುಷಿಪಡುವ ಮನೆತನ ಅವರದು. ಅಂಥವರು ಊರಿನವರೆಲ್ಲ ಮೆಟ್ಟಿದ್ದನ್ನು ಮೆಟ್ಟುತ್ತಾರೆಯೇ?

"ಯಾರ್ ಯಾರ್ ಶನಿ ಐತೋ ಅದ್ರಲ್ಲಿ, ನನಗ್ ಬ್ಯಾಡವ್ವ" ಎಂದು ಬರಿಗಾಲಲ್ಲೇ ಕೆಸರಿಗೆ ಇಳಿದರು.

ಶೌಚಾಲಯದ ನೆಲವೆಲ್ಲ ಒದ್ದೆ. ಸಕ್ಕರೆ ಕಾಯಿಲೆಯವರು, ಕಾಲಿಗೆ ಗಾಯವಾದರೆ ಏನು ಗತಿ ಎಂದು ನಾನು ಎಲ್ಲರೆದುರೇ ಗದರಿದೆ. ಅವರು ಬಸ್ಸು ಹತ್ತಿ ಸೆರಗಿನಿಂದ ಪಾದ ಒರೆಸಿಕೊಂಡು ಕಿಟಕಿ ಕಡೆ ಮುಖ ಮಾಡಿ ಮಲಗಿದರು. ನಾನೂ ಮುಖ ಊದಿಸಿಕೊಂಡು, ವಾಂತಿ ಬಾರದಿರಲೆಂದು ಮಾತ್ರೆ ನುಂಗಿ ಮೇಲೆ ಹತ್ತಿದೆ. ಆ ಮಾತ್ರೆಯ ಮಂಪರಿನಲ್ಲಿ ಬಸ್ಸು ಇನ್ನೊಮ್ಮೆ ನಿಂತದ್ದು ನನಗೆ ಗೊತ್ತೇ ಆಗಲಿಲ್ಲ.

ಎಚ್ಚರವಾದಾಗ ಬಸ್ಸು ಓಡುತ್ತಿತ್ತು. ಸುಮ್ಮನೆ ಬಗ್ಗಿ ಕೆಳಗೆ ನೋಡಿದೆ. ಕಂಬಳಿ ಮುದ್ದೆಯಾಗಿ ಬಿದ್ದಿತ್ತು. ಅವರ ಫೋನು ಚಾರ್ಜಿಗೆ ಸಿಕ್ಕಿಸಿದ ಹಾಗೇ ಇತ್ತು. ಮನುಷ್ಯರು ಮಾತ್ರ ಇಲ್ಲ.

ಇಳಿದು ಕಂಬಳಿ ಎತ್ತಿ ಕೊಡವಿದೆ, ಅದರೊಳಗೆ ಅವರು ಅಡಗಿದ್ದಾರೇನೋ ಎಂಬ ಹಾಗೆ. ಸಾಲು ಸಾಲು ಹಾಸಿಗೆಗಳ ಪರದೆ ಸರಿಸಿ ಮಲಗಿದ್ದವರ ಮುಖವನ್ನೆಲ್ಲ ಮೊಬೈಲ್ ಬೆಳಕಿನಲ್ಲಿ ನೋಡಿದೆ. ಯಾರೋ ಬೈದರು. ನಾನು ಅತ್ತೇ ಅತ್ತೇ ಎಂದು ಕೂಗುತ್ತಾ ಮುಂದಕ್ಕೆ ಓಡಿದೆ. ಡ್ರೈವರನ ಜೊತೆಗಾರ ನನ್ನ ವಯಸ್ಸಿನ ಗಟ್ಟಿ ಆಸಾಮಿ, ನಿದ್ದೆಗಣ್ಣಲ್ಲಿ ಎದ್ದವನು ನನ್ನನ್ನು ಬುಟ್ಟಿಯ ಹತ್ತಿರ ಕರೆದುಕೊಂಡು ಹೋದ. ಒಂದೊಂದೇ ಜೊತೆ ಎತ್ತಿ ಎತ್ತಿ ತೋರಿಸಿ ಎಲ್ಲ ಇದೆ ಎನ್ನುವಂತೆ ಕೈಯಾಡಿಸಿದ. ನನಗೆ ತಲೆಬುಡ ತಿಳಿಯಲಿಲ್ಲ. ನನ್ನ ಅಮ್ಮ ಕಾಣುತ್ತಿಲ್ಲ ಎಂದರೆ ಇವನು ಚಪ್ಪಲಿ ತೋರಿಸುತ್ತಾನಲ್ಲ ಎಂದು ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಆಮೇಲೆ ಫೋನಿನ ಭಾಷಾಂತರದಲ್ಲಿ ಅವನೇ ಬರೆದು ತೋರಿಸಿದ: ಚಪ್ಪಲಿ ಎಲ್ಲ ವಾಪಸ್ ಬಂದರೆ ಜನ ಎಲ್ಲ ವಾಪಸ್ ಬಂದ ಹಾಗೆ.

ಅವರ ಲೆಕ್ಕವೇ ಅದು. ತಲೆ ಎಣಿಸುವುದಿಲ್ಲ, ಬುಟ್ಟಿ ನೋಡುತ್ತಾರೆ. ನಮ್ಮತ್ತೆ ಎರಡನೆಯ ಸಲವೂ ಬರಿಗಾಲಲ್ಲೇ ಇಳಿದಿದ್ದರು. ಆ ಬುಟ್ಟಿಯ ಪ್ರಕಾರ ಅವರು ಬಸ್ಸಿನಿಂದ ಇಳಿದೇ ಇರಲಿಲ್ಲ.

ನಮ್ಮ ಕಡೆಯ ಬಸ್ಸಾಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಬಸ್ಸು ಎದ್ದು ನಿಂತು ಹೋಲ್ಡಾನ್ ಎಂದು ಕೂಗಿರುತ್ತಿತ್ತು. ಅತ್ತೆ ಅದನ್ನೇ ನಂಬಿಕೊಂಡಿದ್ದರು. ಪಕ್ಕದ ಹಾಸಿಗೆಯ ಮುದುಕನಿಗೆ ಕನ್ನಡದಲ್ಲೇ ಈಗ ಬಂದೆ, ಬಸ್ಸು ಬಿಡಬೇಡ ಅನ್ನಪ್ಪ ಎಂದು ಹೇಳಿ ಇಳಿದಿದ್ದರಂತೆ. ಅವನು ತಲೆಯಾಡಿಸಿದನಂತೆ. ನೆಂಟರು ಬಿದ್ದು ಬಿದ್ದು ನಗುವುದು ಇಲ್ಲಿಗೇ.

ಇಬ್ಬರ ಪಾಸ್‌ಪೋರ್ಟೂ ನನ್ನ ಚೀಲದಲ್ಲಿ. ಅತ್ತೆಯ ಹತ್ತಿರ ಫೋನಿಲ್ಲ, ಮಾತ್ರೆ ಇಲ್ಲ, ಕಾಲಿಗೆ ಚಪ್ಪಲಿ ಇಲ್ಲ. ಆ ದೇಶದಲ್ಲಿ ನೀರು ಬೇಕು ಎಂದು ಕೇಳುವುದಕ್ಕೂ ಅವರಿಗೆ ಬಾಯಿಲ್ಲ. ನಿಜ ಹೇಳಬೇಕೆಂದರೆ ಇದೆಲ್ಲಕ್ಕಿಂತ ಮುಂಚೆ ನನ್ನ ತಲೆಗೆ ಬಂದದ್ದು ಗಂಡನಿಗೆ ಏನೆಂದು ಹೇಳಲಿ ಎನ್ನುವುದು. ಅಮ್ಮ ಸಿಗುತ್ತಿಲ್ಲ ಎನ್ನುವ ಮಾತನ್ನು ಬಾಯೊಳಗೇ ಹೇಳಿ ನೋಡಿದೆ, ಎರಡನೆಯ ಪದ ಹೊರಡಲಿಲ್ಲ.

ಡ್ರೈವರು ಬಸ್ಸು ತಿರುಗಿಸಲು ಒಪ್ಪಲಿಲ್ಲ. ಜೊತೆಗಾರ ಹಿಂದಿನ ನಿಲ್ದಾಣಕ್ಕೆ ಫೋನು ಮಾಡಿದ, ಯಾರೂ ಎತ್ತಲಿಲ್ಲ. ಊರು ತಲುಪಿದ ಮೇಲೆ ವಿಚಾರಿಸೋಣ ಎಂದು ಬರೆದು ತೋರಿಸಿದ. ನಾನು ಬಾಗಿಲಿಗೆ ಗುದ್ದತೊಡಗಿದೆ. ಕೊನೆಗೆ ಒಂದು ಪೆಟ್ರೋಲ್ ಬಂಕಿನ ಬಳಿ ನಿಲ್ಲಿಸಿ, ಎದುರು ದಿಕ್ಕಿನಿಂದ ತಮ್ಮದೇ ಇನ್ನೊಂದು ಬಸ್ಸು ಬರುತ್ತದೆಂದು ಹೇಳಿ, ಸಾಮಾನಿನ ಸಮೇತ ನನ್ನನ್ನು ಇಳಿಸಿ ಹೊರಟುಹೋದರು.

ರಸ್ತೆಯಂಚಿನಲ್ಲಿ ಎರಡು ಪೆಟ್ಟಿಗೆಗಳ ನಡುವೆ ನಿಂತು ನಾನು ಜೋರಾಗಿ ಅತ್ತುಬಿಟ್ಟೆ. ಬಂದ ಬಂದ ದೀಪಕ್ಕೆಲ್ಲ ಕೈ ಅಡ್ಡ ಹಿಡಿದೆ. ಲಾರಿಗಳು ನೀರು ಎರಚಿಕೊಂಡು ಹೋದವು. ನಮ್ಮತ್ತೆ ನನ್ನನ್ನು ಹುಡುಕಿಕೊಂಡು ಕತ್ತಲಲ್ಲಿ ಹೆದ್ದಾರಿಗೆ ಇಳಿದಿದ್ದರೆ ಎಂಬ ಯೋಚನೆ ಬಂದಾಗ ಮನೆದೇವರಿಗೆ ಏನೇನು ಹರಕೆ ಹೊತ್ತೆನೋ ಈಗ ನೆನಪಿಲ್ಲ. ಆ ಬಸ್ಸು ಬಂತು, ನಿಂತಿತು. ಅಲ್ಲೂ ಚಪ್ಪಲಿ ಬಿಚ್ಚು ಎಂದರು.

ಹಿಂದಿನ ನಿಲ್ದಾಣ ತಲುಪಿದಾಗ ಬೆಳಕು ಹರಿಯುತ್ತಿತ್ತು. ನಿಲ್ದಾಣದ ಅಂಗಡಿಗಳೆಲ್ಲ ಮುಚ್ಚಿದ್ದವು. ಬಸ್ಸು ನಿಂತಿದ್ದ ಜಾಗದಲ್ಲೇ, ಬರಿ ಸಿಮೆಂಟಿನ ಮೇಲೆ, ತಲೆ ತುಂಬ ಸೆರಗು ಹೊದ್ದುಕೊಂಡು ಅತ್ತೆ ಕೂತಿದ್ದರು. ಅಲ್ಲಿಂದ ಕದಲಿದರೆ ನನಗೆ ಸಿಗುವುದಿಲ್ಲವೆಂದು ಮಳೆ ಹನಿದರೂ ಸೂರಿನ ಕೆಳಗೆ ಹೋಗಿರಲಿಲ್ಲ.

ಓಡಿಹೋಗಿ ತಬ್ಬಿಕೊಳ್ಳಬೇಕಿತ್ತು. ನಾನು ಓಡಿಹೋಗಿ ಬೈದೆ. ನನ್ನನ್ನು ಎಬ್ಬಿಸುವುದಕ್ಕೆ ನಿಮಗೇನಾಗಿತ್ತು, ಹೇಳದೆ ಕೇಳದೆ ಹೀಗೆ ಇಳಿಯುತ್ತಾರಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು.

"ಬೇಕು ಅಂತ್ಲೇ ಬುಟ್ಟೋದ್ಯಾ ಮಗ?"

ಇಲ್ಲ ಎನ್ನಲು ಬಾಯಿ ತೆರೆದೆ. ಅಳು ಬಂದುಬಿಟ್ಟಿತು. ಅವರು ಆ ಅಳುವನ್ನು ಬೇರೆಯೇ ಥರ ತಿಳಿದುಕೊಂಡರು. ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಓಗ್ಲಿ ಬುಡು. ವಾಪಸ್ ಬಂದ್ಯಲ್ಲ, ಸಾಕು. ನನ್ ಮಗನ್ ಕಿವಿಗೆ ಆಕಾಕಿಲ್ಲ ನಾನು."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಮಾಡದೇ ಇದ್ದ ತಪ್ಪನ್ನು ರಾತ್ರಿಯಿಡೀ ಅಲ್ಲಿ ಕೂತು ಅವರು ಕ್ಷಮಿಸಿ ಮುಗಿಸಿದ್ದರು.