ಬಂಗ್ಲೆದಾಗ ಕುಸುಬಿ ಬಿತ್ತಿದ್ದು

ನಿಜಾಮರ ರಾಜ್ಯದಾಗ ಜಹೀರಾಬಾದಿನಾಗ ನನ್ನಂಥ ಮಾಲಿ ಇನ್ನೊಬ್ಬ ಇರಲಿಲ್ಲ. ಆ ಚಳಿಗಾಲಕ್ಕ ತಹಸೀಲ್ದಾರರ ಬಂಗ್ಲೆಕ್ಕ ಅವರ ಮ್ಯಾಲಿನ ಅಧಿಕಾರಿ ಸುಬೇದಾರರು ಬರೋರಿದ್ದರು. "ತೋಟದಾಗ ಬಣ್ಣ ಕಾಣಲಿಲ್ಲಂದ್ರ ನಿನ್ನ ನೌಕರಿ ಹೋತು ನೋಡು," ಅಂದರು ನಮ್ಮ ತಹಸೀಲ್ದಾರರು. ಅವರು ಹೈದರಾಬಾದಿನಿಂದ ತರಿಸಿದ ಗುಲಾಬಿ ಇಲ್ಲಿ ಅರಳಿ, ನಮ್ಮ ಗಾಳಿಗೆ ಹಾರಿ ಬೀದರಿನಾಗ ಉದುರುತ್ತಿತ್ತು. ನಾನು ಜೋಳದ ಹೊಲದ ಸುತ್ತ ದನ ಬರದಂಗ ಬಿತ್ತುವ ಮುಳ್ಳಿನ ಕುಸುಬಿ ತಂದು ತೋಟದಾಗ ಹಾಕಿದೆ. ತೋಟಕ್ಕ ಕೆಂಪು, ಹಳದಿ ಬೆಂಕಿ ಬಿದ್ದಂಗಾತು.

"ವ್ಹಾ! ಇದ್ಯಾವ ಹೂವು?" ಅಂದರು ಸುಬೇದಾರರು.

"ವಿಲಾಯತಿದು ಹುಜೂರ್, ನಾನೇ ಆರಿಸಿದ್ದು," ಅಂದರು ತಹಸೀಲ್ದಾರರು.

"ಹಂಗಾದ್ರ ನಿಮ್ಮ ಕೈಯಾರೆ ಒಂದು ಹಿಡಿ ಕಿತ್ತು ಕೊಡ್ರಿ."

ಪಾಪ, ತಹಸೀಲ್ದಾರರು ಕಿತ್ತರು; ಕೈ ತುಂಬ ಮುಳ್ಳು, ಮುಖದ ತುಂಬ ನಗು. ವಿಲಾಯತಿನಾಗ ಹುಡುಕಿ ಆರಿಸಿದವರಿಗೆ ಮುಳ್ಳಿನ ಸುದ್ದಿ ನಾನ್ಯಾಕ ಹೇಳಲಿ? ನನ್ನ ನೌಕರಿ ಉಳೀತು. ಸಂಜೀತನಕ ತಹಸೀಲ್ದಾರ ಸಾಹೇಬರ ಕೈಯಾಗಿನ ಮುಳ್ಳು ತೆಗೆಯೋದೂ ಆ ನೌಕರಿಯಾಗೇ ಸೇರಿತು.