ಅಕ್ಕೋರ ಸಹಿ

ನಿನ್ನೆ ಪಾರ್ಲೆ ಸ್ಟೇಶನ್ ಹತ್ರದ ಝೆರಾಕ್ಸ್ ಅಂಗಡ್ಯಾಗ ಲೈಟ್ ಬಿಲ್ ಹಿಡಕೊಂಡು ನಿಂತಿದ್ದೆ. ನನ್ನ ಮುಂದಿದ್ದಾಕಿ ಮಗಳ ಸಂಗೀತದ ಸರ್ಟಿಫಿಕೇಟ್ ಲ್ಯಾಮಿನೇಶನ್ ಮಾಡಸ್ತಿದ್ಲು. ಬಿಸಿ ಪ್ಲಾಸ್ಟಿಕ್ಕಿನ ವಾಸನಿ ಮೂಗಿಗೆ ಬಡೀತು ನೋಡ್ರಿ. ಆ ಹುಡುಗಿ ಕೌಂಟರಿಗೆ ಗದ್ದಾ ಊರಿ ಏನೋ ಗುನುಗತಿತ್ತು. ತಾಯಿ ಅಂಗಡಿಯವಗ ಹಿಂದಿ ಭಾಷಾದಾಗ ಹೇಳಿದ್ಲು, ಈ ವರ್ಷ ಎರಡು ಪರೀಕ್ಷಾ ಒಟ್ಟಿಗೇ ಕಟ್ಟಸ್ತೀನಿ ಅಂತ. ನಾನು ಝೆರಾಕ್ಸ್ ಸುದ್ದಾ ತೊಗೊಳ್ಳದ ಮನಿಗೆ ಬಂದುಬಿಟ್ಟೆ.

ನಮ್ಮ ಹಳೇ ಬಿಲ್ಡಿಂಗಿನಾಗ ಕೆಳಗಿನ ಖೋಲ್ಯಾಗ ಅಕ್ಕೋರು ಇದ್ರು. ಧಾರವಾಡ ಕಡೆ ಕಲಿಸೋ ಹೆಣ್ಮಕ್ಕಳಿಗೆ ನಾವು ಅಕ್ಕೋರು ಅಂತೀವಿ. ಅವರೂ ನಮ್ಮ ಕಡೆಯವ್ರ, ಅದಕ್ಕ ನಾನು ಹಂಗ ಕರದೆ, ಹಂಗ ಉಳೀತು. ಒಂದು ತಂಬೂರಿ, ಒಂದು ಹಳೇ ಹಾರ್ಮೋನಿಯಂ ಪೇಟಿ, ಒಂದು ಚಾಪಿ. ಗುರುಗಳ ಮನ್ಯಾಗ ನೀರು ತುಂಬಿ, ಕಸಾ ಹೊಡದು ವರ್ಷಾನುಗಟ್ಟಲೆ ಕಲ್ತವ್ರು. ತಾವು ಮಾತ್ರ ಒಂದೂ ಪರೀಕ್ಷಾ ಕಟ್ಟಿರಲಿಲ್ಲ.

ಮಗಳಿಗೆ ಏಳು ವರ್ಷ ಇದ್ದಾಗ ಅವರ ಮುಂದ ಕೂಡಿಸಿದೆ. ಒಮ್ಮೆ ಕೇಳಿದ್ದನ್ನ ಇದ್ದದ್ದು ಇದ್ದಂಗ ಹಾಡಾಕಿ ಅದು. ಅಕ್ಕೋರು ಹೊಗಳೋ ಪೈಕಿ ಅಲ್ಲ, ಆದ್ರ ಆಕಿ ಹಾಡೂಮುಂದ ಪೇಟಿ ನಿಲ್ಲಿಸಿ ಕಣ್ಣು ಮುಚ್ಚಿ ಕೂಡತಿದ್ರು... ಅಷ್ಟಕ್ಕ ನನಗ ಕೊಂಬು ಬಂದುವು. ಮೊದಲನೇ ಪರೀಕ್ಷಾ, ಎರಡನೇದು, ಮೂರನೇದು, ಎಲ್ಲಾ ಫಸ್ಟ್ ಕ್ಲಾಸ್. ಒಂದೊಂದೂ ಲ್ಯಾಮಿನೇಶನ್ ಮಾಡಿಸಿ ಶೋಕೇಸಿನಾಗ ಇಟ್ಟೆ. ಮನಿಗೆ ಬಂದವ್ರಿಗೆ ಚಹಾಕ್ಕಿಂತ ಮೊದಲು ಅವನ್ನ ತೋರಸ್ತಿದ್ದೆ.

ಮಗಳು ದೊಡ್ಡಾಕಿ ಆದ ವರ್ಷ ಅಕ್ಕೋರು ನನ್ನನ್ನ ಕೆಳಗ ಕರದ್ರು. ಅಲ್ಲೀತನಕಾ ಆಕಿ ಪೇಟಿಯ ಕರಿ ಐದರ ಮ್ಯಾಲೆ ಹಾಡತಿದ್ಲು. ಅವರು ಕರಿ ನಾಲ್ಕಕ್ಕ ಇಳಿಸಿದ್ರು, ಅಂದ್ರ ಶ್ರುತಿ ಕೆಳಗ ತಂದ್ರು.

"ಈ ವರ್ಷ ಫಾರ್ಮ್ ತುಂಬೂದು ಬ್ಯಾಡ್ರಿ. ಧ್ವನಿ ಬದಲಾಗಲಿಕ್ಕತ್ತದ. ಒಂದು ವರ್ಷ ಮುಂಜಾನೆ ಖರ್ಜ ಅಷ್ಟ ಹಾಡಲಿ, ಕೆಳಗಿನ ಸ್ವರ. ಮ್ಯಾಲಿನವು ತಾವ ಬರ್ತಾವ."

ವರ್ಷಪೂರ್ತಿ ಬರೇ ಕೆಳಗಿನ ಸ್ವರ! ಎದುರು ಮನಿ ಹುಡುಗಿ ಅಂಧೇರಿ ಕ್ಲಾಸಿಗೆ ಹೋಗಿ ವರ್ಷಕ್ಕ ಎರಡೆರಡು ಪರೀಕ್ಷಾ ಕಟ್ಟತಿತ್ತು. ನಾಲ್ಕನೇದು ಮುಗಿಸಿದ್ರ ಹತ್ತನೇತ್ತೆಗೆ ಒಂದಿಷ್ಟು ಮಾರ್ಕ್ಸು ಹೆಚ್ಚಿಗಿ ಸಿಗ್ತಿದ್ವು. ಹತ್ತನೇತ್ತೆಗೆ ಇನ್ನೂ ಎರಡು ವರ್ಷ ಇತ್ತು, ಅದು ಬ್ಯಾರೆ ಮಾತು. ನಮ್ಮವ್ರು ವಿಕ್ರೋಳಿ ಫ್ಯಾಕ್ಟರಿಯಿಂದ ಬಂದು ಕೂತವ್ರು, "ಒಂದು ವರ್ಷ ತಡದ್ರ ಏನ ಮುಳುಗಿ ಹೋಗ್ತದ?" ಅಂದ್ರು. ಅವರ ಮ್ಯಾಲೂ ಹರಿಹಾಯ್ದೆ.

ಫಾರ್ಮ್ ನಾನ ತಂದೆ, ನಾನ ತುಂಬಿದೆ. ಗುರುಗಳ ಸಹಿಗೆ ಅಂತ ಒಂದು ಜಾಗಾ ಇತ್ತು. ಮಗಳನ್ನ ಕರಕೊಂಡು ಕೆಳಗಿಳದೆ. ಅಕ್ಕೋರು ನೋಡಿ ಬ್ಯಾಡ ಅಂತ ತಲಿ ಅಲ್ಲಾಡಿಸಿದ್ರು. ಆಗ ನನ್ನ ನಾಲಿಗಿ...

"ನಿಮ್ಮ ಹತ್ರ ಒಂದ ಒಂದು ಸರ್ಟಿಫಿಕೇಟ್ ಇಲ್ಲ. ಶಿಷ್ಯಾಳು ಮುಂದ ಹೋದ್ರ ನಿಮಗ ಹೊಟ್ಟಿಕಿಚ್ಚು" ಅಂದೆ.

ಅಕ್ಕೋರು ಕಣ್ಣಿಗೆ ಚಾಳೀಸು ಹಾಕೊಂಡ್ರು. ಪೆನ್ ಹುಡುಕಿದ್ರು. ಸಹಿ ಮಾಡಿ "ತೊಗೋರಿ" ಅಂದ್ರು. ನಾನು ಗೆದ್ದೆ ಅನಕೊಂಡು ಮೆಟ್ಟಲಾ ಹತ್ತಿದೆ.

ಕರಿ ಐದರ ಮ್ಯಾಲೇ ಹಾಡು, ಧ್ವನಿ ಖಡಕ್ ಕೇಳಸ್ತದ ಅಂತ ಮಗಳಿಗೆ ಹೇಳಿದಾಕಿ ನಾನ. ಮುಂಜಾನೆ, ಸಂಜೀಕೆ ಮುಂದ ಕೂತು ಸರಸರ ಸ್ವರ ಓಡಿಸೋ ತಾನಗಳನ್ನ ಹೊಡಿಸಿದೆ. ಗಂಟಲಾ ನೋಯ್ತದ ಅಂದ್ರ ಬಿಸಿನೀರು ಕೊಟ್ಟು ಮತ್ತ ಹಾಡಿಸಿದೆ. ಫಸ್ಟ್ ಕ್ಲಾಸ್ ಬಂತು. ಸರ್ಟಿಫಿಕೇಟ್ ಕೈಗೆ ಬರೂದರಾಗ ಧ್ವನಿ ಹೋಗಿತ್ತು. ಗಂಟಲದಾಗ ಗುಳ್ಳಿ ಆಗ್ಯಾವ, ಹಾಡೂದಿರಲಿ, ಜೋರಾಗಿ ಮಾತಾಡೂದೂ ಬ್ಯಾಡ ಅಂದ್ರು ಡಾಕ್ಟರು. ತಿಂಗಳಾನುಗಟ್ಟಲೆ ಮನ್ಯಾಗ ಆಕಿ ಚೀಟಿ ಬರದು ನೀರು ಕೇಳತಿದ್ಲು. ಗುಳ್ಳಿ ಕರಗಿದ್ವು, ಮಾತು ವಾಪಸ್ ಬಂತು, ಒಂಚೂರು ಒಡಕು. ಇನ್ನ ಕೆಳಗ ಹೋಗು, ಅಕ್ಕೋರ ಹತ್ರ ಕೂಡು ಅಂದೆ.

"ಸರ್ಟಿಫಿಕೇಟ್ ಮಿಲ್ ಗಯಾ ನಾ, ಅಮ್ಮಾ? ಸಿಕ್ತಲ್ಲ, ಸಾಕು" ಅಂದ್ಲು. ಮತ್ತ ಹಾಡಲೇ ಇಲ್ಲ.

ನಾನು ಯಾರ ಮ್ಯಾಲೆ ಸಿಟ್ಟಾಗಬೇಕು ಹೇಳ್ರಿ? ಅಕ್ಕೋರ ಮ್ಯಾಲೇ ಆದೆ. ಹೌದು, ಅವರ ಮ್ಯಾಲೆ! ನಿಮಗ ಗೊತ್ತಿತ್ತಲ್ಲ, ಯಾಕ ಸಹಿ ಮಾಡಿದ್ರಿ? ಫಾರ್ಮ್ ಹರದು ನನ್ನ ಮಾರಿಗೆ ಒಗೀಬೇಕಿತ್ತು. ಇಡೀ ಬಿಲ್ಡಿಂಗ್ ಕೇಳೂಹಂಗ ಬೈಬೇಕಿತ್ತು. ನನ್ನಂಥಾ ತಲಿಕೆಟ್ಟಾಕಿಯ ಒಂದು ಮಾತಿಗೆ ನೀವು ಸುಮ್ಮನಾಗೂದಾ? ಹಿಂಗ ಒಲಿ ಮುಂದ ನಿಂತು ಒಳಗಿಂದೊಳಗ ಜಗಳಾ ಆಡಿದ್ದ ಆಡಿದ್ದು. ಎದುರಿಗೆ ಸಿಕ್ರ ಮಾರಿ ತಿರುವಿ ಹೋಗ್ತಿದ್ದೆ. ಆ ಸಿಟ್ಟು ಇನ್ನೂ ಅದ, ಅವರ ಮ್ಯಾಲೊಂದು ಪಾಲು, ನನ್ನ ಮ್ಯಾಲೆ ಉಳಿದದ್ದೆಲ್ಲಾ.

ಅಕ್ಕೋರು ಆಮೇಲೆ ಮಗಳನ್ನ ಒಂದು ದಿನಾನೂ ಕರೀಲಿಲ್ಲ. ಆದ್ರ ಆಕಿ ಶಾಲಿಗೆ ಹೋಗೋ ಹೊತ್ತಿಗೆ ಸರಿಯಾಗಿ ಕಿಡಕಿ ತಗದು ಖರ್ಜ ಹಾಡತಿದ್ರು. ಅದೇ ಪಾಠ, ಕರಿ ನಾಲ್ಕರಾಗ... ಮಗಳು ಆ ಕಿಡಕಿ ದಾಟೂಮುಂದ ಕಾಲು ಜೋರಾಗಿ ಹಾಕತಿತ್ತು. ನಾನು ಮ್ಯಾಲಿನ ಗ್ಯಾಲರಿಯಿಂದ ನೋಡತಿದ್ದೆ.

ಬಿಲ್ಡಿಂಗ್ ಕೆಡವಿ ಹೊಸಾದು ಕಟ್ಟೋ ರಿಡೆವಲಪ್‌ಮೆಂಟಿಗೆ ಹೋದಾಗ ಅಕ್ಕೋರು ಹುಬ್ಬಳ್ಳಿಗೆ ತಂಗಿ ಮನಿಗೆ ಹೊಂಟ್ರು. ಟೆಂಪೋದಾಗ ತಂಬೂರಿ ಏರಿಸೂದನ್ನ ಅದೇ ಗ್ಯಾಲರ್ಯಾಗ ನಿಂತು ನೋಡಿದೆ. ಅವರು ಒಮ್ಮೆ ಮ್ಯಾಲೆ ನೋಡಿದ್ರು. ನಾನು ಇಳೀಲಿಲ್ಲ. ಮುಂದ ಯಾರೋ ಹೇಳಿದ್ರು, ತೀರಿಹೋದ್ರಂತ.

ನಿನ್ನೆ ಆ ಅಂಗಡಿಯಿಂದ ಬಂದಾಕಿ ನಾಲ್ಕನೇ ಸರ್ಟಿಫಿಕೇಟ್ ಹೊರಗ ತಗದೆ. ಹರದು ಒಗೀಬೇಕಂತ ಎರಡೂ ಕೈಲೆ ಜಗ್ಗಿದೆ, ಹಲ್ಲಿಲೆ ಕಚ್ಚಿದೆ. ಲ್ಯಾಮಿನೇಶನ್ ಹರೀಲಿಲ್ಲ. ಅಷ್ಟರಾಗ ಮಗಳು ಆಫೀಸಿನಿಂದ ಬಂದ್ಲು. "ಕ್ಯಾ ಕರ್ ರಹೀ ಹೋ ಅಮ್ಮಾ, ಬಿಡು" ಅಂತ ಆ ಒಡಕು ಧ್ವನ್ಯಾಗ ಅಂದು, ನನ್ನ ಕೈಯಿಂದ ಕಸಗೊಂಡು ಫೈಲಿನಾಗ ಇಟ್ಲು.

ಇವತ್ತು ಮುಂಜಾನೆ, ಅದೇ ಜಾಗಾದಾಗ ಎದ್ದ ಈ ಹೊಸಾ ಬಿಲ್ಡಿಂಗಿನ ಲಿಫ್ಟಿನಾಗ ಕೆಳಗ ಹೋದೆ. ಅಕ್ಕೋರ ಖೋಲಿ ಇದ್ದಲ್ಲಿ ಈಗ ಪಾರ್ಕಿಂಗ್ ಅದ. ತಪ್ಪಾತ್ರಿ ಅನ್ನಲಿಕ್ಕೆ ಬಡಿಯೋ ಬಾಗಲಾನೂ ಉಳಿದಿಲ್ಲ. ಯಾರದೋ ಕಾರಿನ ಮುಂದ ನಿಂತು ಅಂದು ಬಂದೆ.