ಎರಡು ರೆಕ್ಕೆಯದೇ ಬೇಕೆಂದ ಭಾವ

ನಿನ್ನೆ ಬೆಳಿಗ್ಗೆ ನಮ್ಮ ಸೊಸೆ ಇಸ್ತ್ರಿ ಮಾಡುತ್ತಿದ್ದವಳು ಫೋನ್ ಬಂತೆಂದು ಎದ್ದು ಹೋದಳು. ಮೊಮ್ಮಗಳ ಯೂನಿಫಾರಂ ಲಂಗ ಸುಟ್ಟಿತು. ಕರಗಿದ ಟೆರಿಕಾಟಿನ ವಾಸನೆ ನಡುಮನೆಗೆ ಬಂತು. ಸೊಸೆ ಓಡಿ ಬಂದು, ನಾನು ಬೈಯುತ್ತೇನೆಂದು ತಿಳಿದು, "ಸ್ವಲ್ಪ ಅಷ್ಟೇ ಮಾವ, ಒಳಮಡಿಕೆಗೆ ಹೋಗುತ್ತೆ" ಅಂದಳು. ನಾನು ಬೈಯುವ ಸ್ಥಿತಿಯಲ್ಲಿರಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ವಾಸನೆ ನಮ್ಮ ಭಾವನ ಅಂಗಡಿಯಲ್ಲಿ ಒಂದು ತಿಂಗಳು ತುಂಬಿಕೊಂಡಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಯಾರೂ ಏನೂ ಅನ್ನದೆಯೇ ನಾನು ಹೆಗಲು ಮುಟ್ಟಿಕೊಂಡೆ. ಚಪ್ಪಲಿ ಮೆಟ್ಟಿ ಭಾವನ ಮನೆಗೆ ಹೊರಟುಬಿಟ್ಟೆ. ಹೋಗಿ ಏನು ಹೇಳಿದೆ ಎನ್ನುವುದಕ್ಕೆ ಮುಂಚೆ ಹಿಂದಿನದನ್ನು ನಿಮಗೆ ಹೇಳಬೇಕು.

ಭಾವ ಅಂದರೆ ನಮ್ಮಕ್ಕನ ಗಂಡ. ಮಧುಗಿರಿಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಮುಂದಿನ ಕೋಣೆಯೇ ಟೈಲರ್ ಅಂಗಡಿ. ಊರಿನ ಅರ್ಧ ಗಂಡಸರ ಸೊಂಟದ ಅಳತೆ ಅವರಿಗೆ ಬಾಯಿಪಾಠ. ನೀವು ಬಾಗಿಲಲ್ಲಿ ನಿಂತರೆ ಟೇಪು ಹಿಡಿಯುವ ಮೊದಲೇ "ಒಂದಿಂಚು ಊದಿದ್ದೀರಾ" ಎಂದುಬಿಡುತ್ತಿದ್ದರು. ಆಮೇಲೆ ಟೇಪು ಹಿಡಿದರೆ ಸರಿಯಾಗಿ ಒಂದಿಂಚು. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವನು, ಅಳತೆಯ ವಿಷಯ ನನಗೂ ಗೊತ್ತು ಎಂಬ ಜಂಬ ಇತ್ತು. ಆದರೆ ಭಾವನ ಕಣ್ಣಿನ ಮುಂದೆ ನನ್ನ ಸ್ಕೇಲು ನಡೆಯುತ್ತಿರಲಿಲ್ಲ.

ಆ ಕಣ್ಣಿಗೇ ಸಕ್ಕರೆ ಕಾಯಿಲೆ ಬಂದು ಕೂತಿತು. ತುಮಕೂರಿನ ಡಾಕ್ಟರು ಲೇಸರ್ ಮಾಡಿ, ಇನ್ನು ಉಳಿದಿರುವುದನ್ನು ಜೋಪಾನ ಮಾಡಿಕೊಳ್ಳಿ, ಹೋದದ್ದು ವಾಪಸು ಬರುವುದಿಲ್ಲ ಎಂದರು. ಎಷ್ಟು ದಿನ ಉಳಿದೀತು ಎಂದು ನಾನು ಕೇಳಿದರೆ ಎರಡು ವರ್ಷವೋ ಮೂರೋ, ಹೇಳಲಾಗದು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಭಾವ ಕಿಟಕಿಯ ಹೊರಗೇ ನೋಡುತ್ತಿದ್ದರು. ಕೊರಟಗೆರೆ ದಾಟಿದ ಮೇಲೆ ಬಾಯಿ ಬಿಟ್ಟರು. "ಒಂದು ಇಮಾನ ಹಾರಿಸ್ಬೇಕು ಕಣಯ್ಯ, ಮೇಷ್ಟ್ರೆ. ಕಣ್ಣು ಇರೋವಾಗ್ಲೇ."

ಡಾಕ್ಟರ ಮಾತಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಶಿರಾದಲ್ಲಿ ಅನ್ವರ್ ಅಂತ ಒಬ್ಬನಿದ್ದಾನೆ, ಬೋರ್‌ವೆಲ್ ಮೋಟಾರು ಸುಟ್ಟರೆ ವೈಂಡಿಂಗ್ ಮಾಡುವವನು. ಪ್ಯಾಂಟು ಹೊಲಿಸಲು ಭಾವನ ಹತ್ತಿರವೇ ಬರುತ್ತಾನೆ. ಭಾನುವಾರ ಬಂತೆಂದರೆ ಕಳ್ಳಂಬೆಳ್ಳದ ಕಡೆ ಒಣಗಿದ ಕೆರೆ ಅಂಗಳದಲ್ಲಿ ರಿಮೋಟ್ ಹಿಡಿದು ಮಾಡೆಲ್ ವಿಮಾನ ಹಾರಿಸುವುದು ಅವನ ಹುಚ್ಚು. ಅದನ್ನು ಫೋನಿನಲ್ಲಿ ತೋರಿಸಿ ತೋರಿಸಿ ಭಾವನಿಗೂ ಹಚ್ಚಿದ್ದ. ಏಳೆಂಟು ಭಾನುವಾರ ನನ್ನ ಹಳೇ ಕಾರಿನಲ್ಲಿ ಭಾವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅನ್ವರ್ ಪಕ್ಕದಲ್ಲಿ ನಿಂತು ಕಲಿಸಿದ. ಕೊನೆಕೊನೆಗೆ ಭಾವ ಒಬ್ಬರೇ ಅವನ ವಿಮಾನವನ್ನು ಎಬ್ಬಿಸಿ, ಎರಡು ಸುತ್ತು ಹೊಡೆಸಿ, ಇಳಿಸುವಷ್ಟಾದರು. ಆಮೇಲೆ ಸ್ವಂತದ್ದು ಒಂದು ಬೇಕಲ್ಲ, ಯಾವುದು ತರಿಸುವುದು ಎನ್ನುವ ಮಾತು ಬಂತು.

ಅನ್ವರ್ ಕಟಿಂಗ್ ಟೇಬಲ್ಲಿನ ಮೇಲೆ ಫೋನಿಟ್ಟು ಎಲ್ಲ ತೋರಿಸಿದ. ಟೈಲರ್ ಆದ್ದರಿಂದ ಭಾವ ಅವನಿಗೆ ಮಾಸ್ಟರ್. "ಮಾಸ್ಟರ್, ಮೊದಲ್ನೇದು ಒಂದೇ ರೆಕ್ಕೆದು ತಗೊಳ್ಳಿ. ಥರ್ಮೋಕೋಲ್ ಇದ್ದಂಗೆ ಇರ್ತದೆ. ಬಿದ್ರೆ ಟೇಪ್ ಹಚ್ಚಿ ಮತ್ತೆ ಎಸೆಯೋದು. ಬಸ್, ಖತಂ."

"ಎರಡು ರೆಕ್ಕೆದು ಐತಲ್ಲ, ಒಂದರ ಮ್ಯಾಲೆ ಒಂದು. ಅದು ಬೇಕು" ಅಂದರು ಭಾವ.

"ಬೈಪ್ಲೇನ್ ಯಾರೂ ಮೊದಲ್ನೇದಕ್ಕೆ ತಗೊಳಲ್ಲ ಮಾಸ್ಟರ್. ಬಿತ್ತು ಅಂದ್ರೆ ಎರಡು ರೆಕ್ಕೆನೂ ಹೋಯ್ತದೆ, ನಡುವಿನ ಕಡ್ಡಿಗಳೂ ಹೋಯ್ತವೆ."

ನಾನೂ ಅನ್ವರನ ಕಡೆಗೇ ನಿಂತೆ. ನನಗೆ ಆ ವಿಮಾನಗಳ ಗಂಧಗಾಳಿ ಇಲ್ಲ. ಆದರೂ ಮೇಷ್ಟ್ರಲ್ಲವೇ, ಎಲ್ಲಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡಿರುತ್ತೇವೆ. ತಿಳಿದವರು ಹೇಳಿದ್ದನ್ನು ಕೇಳಬೇಕು ಭಾವ, ಒಂದೊಂದೇ ಮೆಟ್ಟಿಲು ಹತ್ತಬೇಕು ಎಂದೆಲ್ಲ ಉಪದೇಶ ಮಾಡಿದೆ. ಭಾವ ಕೇಳಿದರು, ಆಮೇಲೆ ಸೀಮೆಸುಣ್ಣದ ಬಿಲ್ಲೆ ತೆಗೆದು ಟೇಬಲ್ಲಿನ ಮೇಲೆ ಒಂದು ಗೆರೆ ಎಳೆದರು.

"ಒಂದು ರೆಕ್ಕೆದು ದೂರ ಹೋಯ್ತು ಅನ್ಕೋ. ಪಕ್ಕದಿಂದ ನೋಡಿದ್ರೆ ನಂಗೆ ಇಂಗೆ, ಒಂದು ದಾರ ಅಷ್ಟೇ. ದಾರ ನಂಗೆ ಈಗ ಕಾಣಾಕಿಲ್ಲ. ಎರಡು ರೆಕ್ಕೆದು ಯಾವ ಕಡೆಯಿಂದ ನೋಡಿದ್ರೂ ಒಂದು ಪೆಟ್ಟಿಗೆ ಇದ್ದಂಗೆ. ಬಿರ್ರನೆ ಓಡಾಕಿಲ್ಲ, ನಿಧಾನಕ್ಕೆ ಹೋಯ್ತದೆ. ಹತ್ತಿರದಾಗೇ ತಿರುಗ್ತದೆ. ಮ್ಯಾಲೆ ಹಳದಿ, ಹೊಟ್ಟೆಗೆ ಕರಿಪಟ್ಟೆ. ಒಳಗೊಂದು ಬಣ್ಣ ಹೊರಗೊಂದು ಬಣ್ಣ ಇದ್ರೆ ಮಗುಚಿದ್ದು ಗೊತ್ತಾಯ್ತದೆ, ಕೋಟಿನ ಲೈನಿಂಗ್ ಇದ್ದಂಗೆ. ಬಿದ್ರೆ ರಿಪೇರಿ ಕಷ್ಟ ಅಂತೀರಾ. ನಂಗೆ ಕಾಣ್ದಿದ್ರೆ ರಿಪೇರಿ ಸುಲಭ ಆಗಿ ಏನ್ಮಾಡ್ಲಿ?"

ಅನ್ವರ್ ಫೋನನ್ನು ಜೇಬಿಗೆ ಹಾಕಿಕೊಂಡು "ಮಾಸ್ಟರ್ ಹೇಳೋದು ಸಹಿ" ಅಂದ. ನಾನು ಒಪ್ಪಲಿಲ್ಲ. ಒಪ್ಪದಿದ್ದದ್ದನ್ನು ನೆನಪಿಡಿ, ಮುಂದೆ ಅದೇ ನನ್ನ ಬಾಯಿಂದ ಬಂತು.

ಬೆಂಡಿನಷ್ಟು ಹಗುರ ಮರದ ಚೂರುಗಳ ಪೆಟ್ಟಿಗೆ ಬಂತು. ಅನ್ವರ್ ಅಂಟಿಸಿ ಗೂಡು ಕಟ್ಟಿದ. ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸುವ ಕೆಲಸ ಭಾವನದು. ಆ ಹಾಳೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಕಾಯಿಸಿದರೆ ಬಿಗಿಯಾಗಿ ಎಳೆದುಕೊಂಡು ಅಂಟುತ್ತದೆ. ಹೆಚ್ಚು ಕಾಯಿಸಿದರೆ ಕರಗುತ್ತದೆ. ಮೊದಲ ವಾರ ಕರಗಿದ್ದೇ ಕರಗಿದ್ದು. ಆಮೇಲೆ ಭಾವ ಕಣ್ಣು ಮುಚ್ಚಿ, ಬೆರಳಿನಿಂದ ಸುಕ್ಕು ಹುಡುಕಿ ಹುಡುಕಿ ಇಸ್ತ್ರಿ ಆಡಿಸಿದರು. ರೆಕ್ಕೆಗಳ ನಾಲ್ಕು ತುಂಡೂ ಡೋಲಿನ ಚರ್ಮದ ಹಾಗೆ ನಿಂತವು. ನಲವತ್ತು ವರ್ಷ ಅವರು ಹೊಲಿದ ಯಾವ ಬಟ್ಟೆಗೂ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಾಣೆ.

ಮೊದಲು ಹಾರಿಸುವ ದಿನ, ಹೊರಡುವಾಗ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಕೈಗೆ ಒಂದು ಕರಿಬಟ್ಟೆಯ ಗಂಟು ಕೊಟ್ಟಳು. ನಮ್ಮ ಕಡೆ ಹೊಸ ಸ್ಕೂಟರ್ ಬರಲಿ, ಟ್ರ್ಯಾಕ್ಟರ್ ಬರಲಿ, ಪೂಜೆ ಮಾಡಿಸಿ ಇಂಥದೊಂದು ಕಟ್ಟುವುದುಂಟು. ವಿಭೂತಿ ಗಟ್ಟಿ, ಪಟಿಕದ ಚೂರು, ಒಂದು ತಾಮ್ರದ ಬಿಲ್ಲೆ. "ನಿಮ್ಮ ಭಾವಂಗೆ ಹೇಳಿದ್ರೆ ನಗ್ತಾರೆ ಕಣ್ಲಾ. ನೀನೇ ಕಟ್ಬುಡು" ಅಂದಳು.

ಕೆರೆ ಅಂಗಳದಲ್ಲಿ ಅನ್ವರ್ ಎರಡು ಬೆರಳ ಮೇಲೆ ವಿಮಾನವನ್ನು ಎತ್ತಿ, ಮುಂದೆ ಹಿಂದೆ ವಾಲದೆ ಸಮನಾಗಿ ನಿಲ್ಲುವುದನ್ನು ನೋಡಿದ. "ಒಂದು ಗ್ರಾಂ ಆಕಡೆ ಈಕಡೆ ಇಲ್ಲ" ಎಂದು ಹೇಳಿ, ಮೇಯುತ್ತಿದ್ದ ಕುರಿಗಳನ್ನು ಅತ್ತ ಹೊಡೆಯಲು ಹೋದ. ಭಾವ ಕಾರಿನ ಹತ್ತಿರ ರಿಮೋಟ್ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದರು. ನಾನು ಕೂತು ಗಂಟನ್ನು ಎಲ್ಲಿ ಕಟ್ಟುವುದೆಂದು ನೋಡಿದೆ. ಮುಂದುಗಡೆ ಕಟ್ಟಿದರೆ ಪಂಖಕ್ಕೆ ಸಿಕ್ಕೀತು. ಹಿಂದೆ ಬಾಲದ ಕೆಳಗೆ, ಪುಟ್ಟ ಚಕ್ರದ ಪಕ್ಕ, ಯಾರಿಗೂ ಕಾಣದ ಹಾಗೆ ಕಟ್ಟಿದೆ. ಸನ್ನೆಕೋಲಿನ ಪಾಠವನ್ನು ಮೂವತ್ತು ವರ್ಷ ಮಾಡಿದ್ದೆ: ತುದಿಯಲ್ಲಿಟ್ಟ ಚಿಕ್ಕ ತೂಕ ನಡುವಿನ ದೊಡ್ಡ ತೂಕವನ್ನು ಎತ್ತುತ್ತದೆ ಎಂದು ಹಲಗೆಯ ಮೇಲೆ ಚಿತ್ರ ಬರೆದು, ಬಾರದವರ ಕಿವಿ ಹಿಂಡಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆ ಗಳಿಗೆಯಲ್ಲಿ ಒಂದಕ್ಷರವೂ ನೆನಪಾಗಲಿಲ್ಲ.

ಹಳದಿ ವಿಮಾನ ಓಡಿತು, ಎದ್ದಿತು. ಭಾವ "ಕಾಣ್ತಾ ಐತೆ, ಕಾಣ್ತಾ ಐತೆ" ಅಂದರು. ಅದು ಮೂಗು ಮೇಲೆ ಮಾಡಿ ಏರಿತು, ಇನ್ನೂ ಏರಿತು, ಗಾಳಿಯಲ್ಲಿ ಒಂದು ಕ್ಷಣ ನಿಂತು, ಒಂದು ಪಕ್ಕಕ್ಕೆ ಜಾರಿ ನೇರ ನೆಲಕ್ಕೆ ಬಂತು. ಅಷ್ಟೇ.

ಎಲ್ಲರಿಗಿಂತ ಮೊದಲು ಓಡಿದವನು ನಾನು. ರೆಕ್ಕೆಗಳು ಪುಡಿಯಾಗಿದ್ದವು, ಬಾಲ ಮಾತ್ರ ಹಾಗೇ ಇತ್ತು. ಗಂಟನ್ನು ಬಿಚ್ಚಿದೆ, ಅಕ್ಕನ ಹೆಸರು ಬರಬಾರದು ಎಂದು. ಅದು ಅಂಗೈಯಲ್ಲಿ ಕೂತಾಗ ಅದರ ತೂಕ ಗೊತ್ತಾಯಿತು; ಬಾಲ ಜಗ್ಗಿ ಮೂಗು ಎತ್ತಿದ್ದು ಇದೇ. ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಭಾವ ಕೈಯಾಡಿಸಿಕೊಂಡು, ಎಡವುತ್ತಾ ಬಂದರು. ಅವರ ಮುಖ ನೋಡಿ ನಾನು ಆಡಿದ ಮಾತು ಇದು: "ನಾನು ಮೊದಲೇ ಹೇಳಿರಲಿಲ್ವಾ ಭಾವ, ಎರಡು ರೆಕ್ಕೆಯದು ಬೇಡ ಅಂತ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವ ಅತ್ತ ತಿರುಗಿ ಅನ್ವರನಿಗೆ ಹೇಳಿದರು, "ಮೂಗು ಮ್ಯಾಲಕ್ಕೆ ಎದ್ದಂಗೆ ಕಾಣ್ತು ಕಣಪ್ಪ. ಇಳೀಲಿ ಅಂತ ರಿಮೋಟಿನ ಕಡ್ಡಿ ಮುಂದಕ್ಕೆ ತಳ್ದೆ. ತಳ್ದಂಗೂ ಮ್ಯಾಲಕ್ಕೇ ಹೋಯ್ತು. ನಾ ಕಂಡಿದ್ದೇ ಸುಳ್ಳೇನೋ." ಅನ್ವರ್ ಏನೇನೋ ಸಮಾಧಾನ ಹೇಳಿದ. ನಾನು ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದೆ.

ವಿಮಾನ ಮಾತ್ರ ಹೋಗಿದ್ದರೆ ಹೋಗಲಿ ಎನ್ನಬಹುದಿತ್ತು. ಮುಂದಿನ ವಾರ ಭಾವ ಕತ್ತರಿ ಕೆಳಗಿಟ್ಟರು. ಅಷ್ಟು ದೊಡ್ಡ ವಿಮಾನವೇ ಇದ್ದದ್ದೊಂದು ಕಂಡದ್ದೊಂದು ಆಯಿತು, ಇನ್ನು ಜನರ ಬಟ್ಟೆಯ ಮೇಲಿನ ಗುರುತು ಹೇಗೆ ನಂಬಲಿ ಎಂದು ಅವರ ಲೆಕ್ಕ. ಕಣ್ಣು ಆಮೇಲೂ ಎರಡೂವರೆ ವರ್ಷ ಇತ್ತು. ಆ ಎರಡೂವರೆ ವರ್ಷ ಅವರು ಜಗುಲಿಯ ಮೇಲೆ ಕೂತು, ಕಾಣುತ್ತಿದ್ದದ್ದನ್ನೂ ಇವರನ್ನು ಅವರನ್ನು ಕೇಳಿ ಖಾತ್ರಿ ಮಾಡಿಕೊಂಡರು. ನಾನು ಹೇಳಬಹುದಿತ್ತು. ಅಕ್ಕ ನೊಂದುಕೊಳ್ಳುತ್ತಾಳೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಏನೆಂದರೆ ನಾಚಿಕೆ. ವಿಜ್ಞಾನದ ಮೇಷ್ಟ್ರು ಬಾಲಕ್ಕೆ ಗಂಟು ಕಟ್ಟಿದ ಎಂದು ಊರು ಆಡಿಕೊಳ್ಳುತ್ತದಲ್ಲ ಎನ್ನುವ ನಾಚಿಕೆ. ಈಗ ಭಾವನಿಗೆ ಬೆಳಕು ಯಾವುದು ಕತ್ತಲೆ ಯಾವುದು ಅಷ್ಟೇ ತಿಳಿಯುತ್ತದೆ.

ನಿನ್ನೆ ಹೋದವನು ಜಗುಲಿಯ ಮೇಲೆ ಅವರ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ಗಂಟು, ಬಾಲ, ಜೇಬು, ಎಲ್ಲ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. "ನಾನು ಕೊಟ್ಟಿದ್ದಾ?" ಅಂದಳು.

"ನೀನು ಕೊಟ್ಟೆ. ಕಟ್ಟಿದೋನು ಇವ್ನು. ತೂಕ ತಿಳಿದೋನು ಇವ್ನು" ಅಂದರು ಭಾವ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರ ಬಲಗೈ ಹೆಬ್ಬೆರಳು ಮಾತ್ರ ಏನನ್ನೋ ಮುಂದಕ್ಕೆ ತಳ್ಳುವ ಹಾಗೆ ಆಡುತ್ತಿತ್ತು.

"ಅಂಗಾದ್ರೆ ಮೂಗು ನಿಜವಾಗ್ಲೂ ಮ್ಯಾಲಕ್ಕೆ ಎದ್ದಿತ್ತು."

"ಎದ್ದಿತ್ತು ಭಾವ."

"ನಾನು ಸರಿಯಾಗೇ ನೋಡಿದ್ದೆ."

"ಸರಿಯಾಗೇ ನೋಡಿದ್ರಿ."

ಅವರು ಕೈಯಲ್ಲಿ ಮುಖ ಒರೆಸಿಕೊಂಡರು. "ಇವತ್ತು ಉಂಡ್ಕಂಡು ಹೋಗು. ನಾಳೆ ಬರ್ಬ್ಯಾಡ. ನಾಳೆ ನಂಗೆ ನಿನ್ ಧ್ವನಿ ಕೇಳಾಕಾಗಕಿಲ್ಲ. ನಾಡಿದ್ದು ಬಾ."

ಉಂಡು ಬಂದೆ. ಏನು ಉಂಡೆನೋ ತಿಳಿಯದು. ಅವರು ಹೇಳಿದ ನಾಳೆ ಇವತ್ತು. ಮನೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಹೊತ್ತಿನ ಮುಂಚೆ ಅಕ್ಕ ಫೋನ್ ಮಾಡಿದ್ದಳು. ಬೈಯಲು ಅಂದುಕೊಂಡೆ.

"ಬೆಳಿಗ್ಗೆ ಎದ್ದಾಗಿಂದ ಜಗುಲಿ ಮ್ಯಾಲೆ ಕೂತವ್ರೆ ಕಣ್ಲಾ. ಹಾಲಿನೋನಿಗೆ ಹೇಳಿದ್ರು, ಎದುರುಮನೆಯೋರಿಗೆ ಹೇಳಿದ್ರು, ಶಿರಾಕ್ಕೆ ಫೋನ್ ಹಚ್ಚಿಸ್ಕಂಡು ಅನ್ವರಂಗೂ ಹೇಳಿದ್ರು. ಆವತ್ತು ನಾನು ಸರಿಯಾಗೇ ನೋಡಿದ್ದೆ ಅಂತ. ನೀನು ಇವತ್ತು ಬರ್ಬ್ಯಾಡ. ಅವ್ರು ಇನ್ನೂ ಹೇಳಿ ಮುಗಿಸಿಲ್ಲ."

ನಾನು ಹೋಗಲಿಲ್ಲ.